ಸಾಕ್ಷಿ ಹೇಳದ ಮಾತು

ಜನವರಿ ೯

ಅಪ್ಪಾ,

ಫೋನಿನಲ್ಲಿ ಮಾತು ಶುರು ಮಾಡುವ ಮೊದಲೇ ‘ಏನಿದ್ರೂ ಬರೆದು ಕಳಿಸು, ಬಾಯಿಮಾತು ದಾಖಲೆ ಅಲ್ಲ’ ಎಂದು ಇಟ್ಟುಬಿಟ್ಟಿರಿ. ಸರಿ, ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀವೇ ಓದಿ. ಅತ್ತೆಯ ಕೈಗೆ ಕೊಟ್ಟು ಓದಿಸಬೇಡಿ, ಅವರು ಅರ್ಧ ಓದುತ್ತಾರೆ, ಇನ್ನರ್ಧ ತಾವೇ ಸೇರಿಸುತ್ತಾರೆ.

ಸುದ್ದಿ ಇಷ್ಟು. ಸೇವೆಯಲ್ಲಿರುವ ನ್ಯಾಯಾಧೀಶರೆಲ್ಲ ವರ್ಷಕ್ಕೆ ಹತ್ತು ದಿನ ಮತ್ತೆ ಕಲಿಯಬೇಕು ಎಂಬ ನಿಯಮ ಕೊನೆಗೂ ಬಂದಿದೆ. ಅದಕ್ಕೊಂದು ತರಬೇತಿ ಕೇಂದ್ರ ಶುರು ಮಾಡುವ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಎರಡು ವರ್ಷ ಪೀಠದಿಂದ ಬಿಡುವು. ಕೇಂದ್ರ ಎಂದರೆ ಹಳೆಯ ದಾಖಲೆ ಉಗ್ರಾಣದ ಎರಡನೇ ಮಹಡಿಯಲ್ಲಿ ಮೂರು ಕೋಣೆ. ಕುರ್ಚಿ ಬಂದಿವೆ, ಮೇಜು ಬಂದಿಲ್ಲ. ಗೋಡೆಯುದ್ದಕ್ಕೂ ಇದ್ದ ಕಬ್ಬಿಣದ ಬೀರುಗಳನ್ನು ಎತ್ತಿಕೊಂಡು ಹೋಗಲು ಯಾರೂ ಸಿದ್ಧರಿಲ್ಲ, ಆದ್ದರಿಂದ ಅವೂ ನಮ್ಮ ಜೊತೆಗೇ ಇವೆ.

ನಮ್ಮವರ ಮುಖ ನೋಡಬೇಕಿತ್ತು ನೀವು. ಒಬ್ಬರು ‘ಇನ್ನು ನಾಲ್ಕು ವರ್ಷಕ್ಕೆ ರಿಟೈರ್ ಆಗೋನು ನಾನು, ಈಗ ಸ್ಲೇಟು ಬಳಪ ಹಿಡೀಬೇಕಾ?’ ಎಂದು ಕೂಗಾಡಿದರು. ಇನ್ನೊಬ್ಬರು ಪೂರ್ವಭಾವಿ ಸಭೆಗೆ ತಮ್ಮ ಬದಲು ಗುಮಾಸ್ತರನ್ನು ಕಳಿಸಿ ಹಾಜರಿ ಹಾಕಿಸಿದರು. ನಾನೂ ಬಿಡಲಿಲ್ಲ, ಗುಮಾಸ್ತರನ್ನೇ ಕೂರಿಸಿಕೊಂಡು ಎರಡು ಗಂಟೆ ಚರ್ಚೆ ಮಾಡಿದೆ. ಅಷ್ಟು ಶ್ರದ್ಧೆಯಿಂದ ಕೇಳಿದವರು ಅವರೊಬ್ಬರೇ.

ಮೇ ತಿಂಗಳಿಗೆ ಮೊದಲ ತಂಡ, ನಲವತ್ತು ಜನ. ಅದು ಕೆಟ್ಟರೆ ಕೇಂದ್ರವನ್ನೇ ಮುಚ್ಚುತ್ತೇವೆ ಎಂದು ಸಮಿತಿಯ ಅಧ್ಯಕ್ಷರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ನಿಮ್ಮ ಹಳೆಯ ಸ್ನೇಹಿತರೇ ತಾನೆ, ನಿಮಗೆ ಗೊತ್ತು ಅವರ ಮಾತಿನ ರೀತಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಸಾಕ್ಷಿಯ ಹೇಳಿಕೆ ದಾಖಲಿಸುವುದು ಹೇಗೆ ಎಂಬ ಪಾಠವನ್ನು ನೀವು ಮಾಡಬೇಕು. ‘ಒಂದು ಪುಟದ ಜಡ್ಜ್’ ಬರುತ್ತಾರೆ ಎಂದರೆ ಮೂಗು ಮುರಿಯುವವರೂ ಬಂದು ಕೂರುತ್ತಾರೆ. ಇಲ್ಲ ಅನ್ನಬೇಡಿ.

ನಿಮ್ಮ
ತಕರಾರು


ಜನವರಿ ೨೧

ತಕರಾರಮ್ಮನಿಗೆ,

ಕಾಗದ ತಲುಪಿತು. ಕನ್ನಡಕ ಹಾಕಿಕೊಂಡೇ ಓದಿದೆ. ನಿನ್ನ ಅತ್ತೆ ಆಮೇಲೆ ಕದ್ದು ಓದಿ, ‘ಅರ್ಧ ನಾನೇ ಸೇರಿಸ್ತೀನಂತಾ?’ ಎಂದು ಎರಡು ದಿನ ನನಗೆ ಸಪ್ಪೆ ಚಹಾ ಕೊಟ್ಟಳು. ಅಪರಾಧ ನಿನ್ನದು, ಶಿಕ್ಷೆ ನನಗೆ. ಇದೇ ಏನು ನೀನು ಕಲಿಸಲು ಹೊರಟ ನ್ಯಾಯ?

ನನ್ನ ಅಭಿಪ್ರಾಯ ಕೇಳಿದರೆ ಈ ಕೇಂದ್ರ ದಂಡ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇಪ್ಪತ್ತು ವರ್ಷ ಪೀಠದ ಮೇಲೆ ಕೂತವನಿಗೆ ಎದುರು ನಿಂತು ಮಾತಾಡುವವರೆಲ್ಲ ತಲೆ ತಗ್ಗಿಸಿ ಮಾತಾಡಿ ಅಭ್ಯಾಸವಾಗಿರುತ್ತದೆ. ಅವನನ್ನು ಕರೆದು ಬೆಂಚಿನ ಮೇಲೆ ಕೂರಿಸಿ ‘ಕಲಿ’ ಅಂದರೆ ಅವನು ಕಲಿಯುವುದು ಒಂದೇ, ಕಣ್ಣು ತೆರೆದುಕೊಂಡು ನಿದ್ದೆ ಮಾಡುವುದು.

ಆದರೂ ಬರುತ್ತೇನೆ. ನಿನಗಾಗಿ ಅಲ್ಲ, ಈಗಿನವರ ದಾಖಲೆ ಓದಿ ಹೊಟ್ಟೆ ಉರಿಯುತ್ತದೆ, ಅದಕ್ಕೆ. ಒಬ್ಬ ಸಾಕ್ಷಿಗೆ ಮೂವತ್ತು ಪುಟ! ಸಾಕ್ಷಿ ಕೆಮ್ಮಿದ್ದನ್ನೂ ಬರೆಸುತ್ತಾರೆ. ಹೊಟ್ಟು ತೂರಿ ಕಾಳು ಉಳಿಸಿಕೊಳ್ಳುವವನು ನ್ಯಾಯಾಧೀಶ. ಸಾಕ್ಷಿ ಅರ್ಧ ಗಂಟೆ ಗೊಣಗಿದ್ದನ್ನು ಕೇಳಿಸಿಕೊಂಡು, ಮೂರು ಸಾಲಿಗೆ ಇಳಿಸಿ, ‘ನಾನು ಕಂಡೆ, ನಾನು ಕೇಳಿದೆ’ ಎಂದು ಅವನೇ ಹೇಳಿದ ಹಾಗೆ ಸ್ಟೆನೋಗೆ ಬರೆಸಬೇಕು. ಓದಿ ಹೇಳಿ ಸಹಿ ಹಾಕಿಸಬೇಕು. ಮುಂದಿನ ಸಾಕ್ಷಿ. ಮೂವತ್ತೊಂದು ವರ್ಷ ನಾನು ಮಾಡಿದ್ದು ಅಷ್ಟೇ.

ಮಾದರಿ ಬೇಕಾದರೆ ನನ್ನ ಕಡತಗಳನ್ನೇ ತೆಗೆ. ಗೋದಾಮಿನ ಬೆಂಕಿಯ ಕೇಸು ನೋಡು. ಹದಿನೇಳು ಸಾಕ್ಷಿ, ಹದಿನೇಳು ಪುಟ. ನಾಲ್ಕು ದಿನದಲ್ಲಿ ವಿಚಾರಣೆ ಮುಗಿಸಿದ್ದೆ. ಅದರ ತೀರ್ಪನ್ನು ಆಮೇಲೆ ಎಷ್ಟು ಜನ ಉದ್ಧರಿಸಿದ್ದಾರೆ, ಲೆಕ್ಕ ಹಾಕು.

ತಿಳಿಸಿದ ದಿನ ಬರುತ್ತೇನೆ. ಮೇಜು ತರಿಸು ಮೊದಲು.

ಅಪ್ಪ


ಫೆಬ್ರವರಿ ೨೬

ಅಪ್ಪಾ,

ಈ ಕಾಗದವನ್ನು ನಾಲ್ಕು ಸಲ ಹರಿದು ಐದನೇ ಸಲ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ.

ನೀವು ಹೇಳಿದ ಗೋದಾಮಿನ ಕಡತ ತೆಗೆಸಿದೆ. ನಿಜಕ್ಕೂ ಅಚ್ಚುಕಟ್ಟು. ಅದನ್ನೇ ಪಾಠದ ಮಾದರಿ ಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಗೋಡೆಯ ಬೀರುಗಳನ್ನು ತೆರೆಸಿದಾಗ ನಿಮ್ಮ ಕೋರ್ಟಿನಲ್ಲಿದ್ದ ಸ್ಟೆನೋ ಅಮ್ಮನ ಶೀಘ್ರಲಿಪಿಯ ಪುಸ್ತಕಗಳು ಸಿಕ್ಕವು. ಹದಿನಾಲ್ಕು ವರ್ಷದ್ದು, ತಾರೀಕಿನ ಪ್ರಕಾರ ದಾರ ಕಟ್ಟಿ ಇಟ್ಟಿದ್ದಾರೆ. ಅವರನ್ನು ಹುಡುಕಿ ಕರೆಸಿದೆ. ನೀವು ಬರೆಸುವುದಕ್ಕೆ ಮೊದಲೇ, ಸಾಕ್ಷಿ ಆಡಿದ ಪ್ರತಿ ಮಾತನ್ನೂ ಅವರು ಬರೆದುಕೊಳ್ಳುತ್ತಿದ್ದರಂತೆ. ‘ಕೈ ಸುಮ್ನಿದ್ರೆ ನಿದ್ದೆ ಬರ್ತಿತ್ತು ಮೇಡಂ, ಅದಕ್ಕೆ ಎಲ್ಲಾ ಗೀಚ್ಕೋತಿದ್ದೆ’ ಎಂದರು.

ನನಗೆ ಬಹಳ ಖುಷಿಯಾಯಿತು. ಪಾಠ ತಾನಾಗಿಯೇ ಸಿದ್ಧವಾದ ಹಾಗೆ ಅನ್ನಿಸಿತು. ಸ್ಟೆನೋ ಅಮ್ಮ ಸಾಕ್ಷಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಓದುವುದು, ನ್ಯಾಯಾಧೀಶರು ತಮ್ಮ ತಮ್ಮ ರೀತಿಯಲ್ಲಿ ಸಾರಾಂಶ ಬರೆಯುವುದು, ಆಮೇಲೆ ನಿಮ್ಮ ದಾಖಲೆಯನ್ನು ಇಟ್ಟು ಹೋಲಿಸುವುದು. ಮೊನ್ನೆ ಹನ್ನೆರಡು ಜನರನ್ನು ಕರೆದು ಪ್ರಯೋಗ ಮಾಡಿದೆ. ನಾನೂ ಬರೆಯಲು ಕೂತೆ.

ಒಂಬತ್ತನೇ ಸಾಕ್ಷಿ ಆರೋಪಿಯ ಅಕ್ಕ. ಸ್ಟೆನೋ ಅಮ್ಮ ಓದಿದ್ದನ್ನು ಹಾಗೇ ಬರೆಯುತ್ತೇನೆ:

‘ಪ್ರಶ್ನೆ: ಆವತ್ತು ಸಂಜೆ ಆರರಿಂದ ಏಳರವರೆಗೆ ನಿಮ್ಮ ತಮ್ಮ ಮನೇಲಿದ್ರಾ? ಸಾಕ್ಷಿ ಮಾತಾಡಲಿಲ್ಲ. ಪ್ರಶ್ನೆ: ಇದ್ರಾ, ಇಲ್ವಾ? ಸಾಕ್ಷಿ ಮಾತಾಡಲಿಲ್ಲ. ನ್ಯಾಯಾಧೀಶರು: ಇದ್ದಿದ್ರೆ ಹೇಳ್ತಿದ್ರು. ಬರ್ಕೊಳಮ್ಮ. ಮುಂದಿನ ಸಾಕ್ಷಿ.’

ನಿಮ್ಮ ದಾಖಲೆಯಲ್ಲಿ ಇರುವುದು: ‘ಆ ಹೊತ್ತಿನಲ್ಲಿ ನನ್ನ ತಮ್ಮ ಮನೆಯಲ್ಲಿ ಇರಲಿಲ್ಲ.’ ಕೆಳಗೆ ಆಕೆಯ ಸಹಿ.

ತೀರ್ಪಿನಲ್ಲಿ ನೀವು ಬರೆದ ಸಾಲು ನನಗೆ ಕಾಲೇಜಿನಿಂದಲೂ ಬಾಯಿಪಾಠ. ‘ಸ್ವಂತ ಅಕ್ಕನೇ ಅವನು ಮನೆಯಲ್ಲಿ ಇರಲಿಲ್ಲವೆಂದ ಮೇಲೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಅಪ್ಪಾ, ಆಕೆ ಹಾಗೆ ಅನ್ನಲೇ ಇಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ನಮ್ಮ ಹದಿಮೂರು ಜನರಲ್ಲಿ ಒಂಬತ್ತು ಜನ ಬರೆದದ್ದು ನೀವು ಬರೆಸಿದ್ದೇ. ಆ ಒಂಬತ್ತರಲ್ಲಿ ನಾನೂ ಒಬ್ಬಳು. ‘ಇರಲಿಲ್ಲ’ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿ ಆರಾಮವಾಗಿ ಕೂತಿದ್ದೆ. ಸ್ಟೆನೋ ಅಮ್ಮ ನನ್ನನ್ನೇ ನೋಡುತ್ತಿದ್ದರು.

ಆ ಮನುಷ್ಯ ಇನ್ನೂ ಜೈಲಿನಲ್ಲಿದ್ದಾನೆ. ಹತ್ತೊಂಬತ್ತು ವರ್ಷ. ವಿಚಾರಿಸಿದೆ.

ನಿಮಗೆ ಆ ದಿನ ನೆನಪಿದೆಯಾ?

ತಕರಾರು


ಮಾರ್ಚ್ ೩

ಮಗಳಿಗೆ,

ನೋಡು ಅಂದೆ, ಕೆದಕು ಅನ್ನಲಿಲ್ಲ.

ಯಾರೋ ನಿದ್ದೆ ಬಾರದಿರಲಿ ಎಂದು ಗೀಚಿದ ಪುಸ್ತಕ ಹಿಡಿದುಕೊಂಡು ಮೂರು ಹಂತದ ನ್ಯಾಯಾಲಯದಲ್ಲಿ ನಿಂತ ತೀರ್ಪನ್ನು ಪ್ರಶ್ನೆ ಮಾಡುತ್ತಿದ್ದೀಯ. ಆ ಹೆಂಗಸು ಸಹಿ ಹಾಕಿದ್ದಾಳೆ. ಓದಿ ಹೇಳಿದ್ದೇವೆ. ಆರೋಪಿಯ ವಕೀಲ ಅಲ್ಲೇ ಕೂತಿದ್ದ, ತುಟಿ ಬಿಚ್ಚಲಿಲ್ಲ. ಮೇಲ್ಮನವಿಯಲ್ಲಿ ಎರಡು ಸಲ ಎತ್ತಿಹಿಡಿದಿದ್ದಾರೆ. ಕೆಲಸದಿಂದ ತೆಗೆದರೆಂಬ ಸಿಟ್ಟಿಗೆ ಆ ಆರೋಪಿ ‘ಗೋದಾಮನ್ನ ಸುಟ್ಟುಹಾಕ್ತೀನಿ’ ಎಂದು ಹತ್ತು ಜನರ ಎದುರು ಕೂಗಿದ್ದ. ಒಳಗೆ ಕಾವಲುಗಾರ ಬೆಂದು ಸತ್ತ. ಅದನ್ನೂ ಬರೆದೆಯಾ ನಿನ್ನ ಪಾಠದಲ್ಲಿ?

ತಮ್ಮ ಮನೆಯಲ್ಲಿದ್ದರೆ ಅಕ್ಕನಾದವಳು ಕೂಗಿ ಹೇಳುತ್ತಾಳೆ. ಸುಮ್ಮನಿದ್ದಳು ಎಂದರೆ ಅರ್ಥವೇನು? ಇದು ಮಗುವಿಗೂ ಗೊತ್ತು. ನೀನೂ ಹಾಗೇ ಬರೆದೆಯಂತೆ. ಹಾಗಾದರೆ ಸರಿಯಾಗಿಯೇ ಬರೆದೆ. ನಿನಗೆ ಕಲಿಸಿದ್ದು ವ್ಯರ್ಥವಾಗಲಿಲ್ಲ.

ನಿನ್ನ ಶಾಲೆಗೆ ಅಡಿಪಾಯ ಬೇಕಾದರೆ ಬೇರೆ ಕಲ್ಲು ಹುಡುಕಿಕೋ. ಅಪ್ಪನ ತಲೆಯೇ ಆಗಬೇಕೇ? ನಾನು ಅಲ್ಲಿಗೆ ಬರುವುದಿಲ್ಲ. ಕಡತವನ್ನು ಕಟ್ಟಿ ಎಲ್ಲಿತ್ತೋ ಅಲ್ಲಿಡು. ಇದು ಅಪ್ಪನ ಕೋರಿಕೆಯಲ್ಲ, ಹಿರಿಯನೊಬ್ಬನ ಸೂಚನೆ.

ನಿವೃತ್ತ ಜಿಲ್ಲಾ ನ್ಯಾಯಾಧೀಶ


ಮಾರ್ಚ್ ೧೯

ಅಪ್ಪನಿಗೆ,

ಇವತ್ತು ಸಮಿತಿಯ ಅಧ್ಯಕ್ಷರಿಂದ ಆದೇಶ ಬಂತು. ‘ಆಯಾ ನ್ಯಾಯಾಧೀಶರ ಒಪ್ಪಿಗೆಯಿಲ್ಲದೆ ಅವರ ಮುಗಿದ ಪ್ರಕರಣದ ಕಡತವನ್ನು ತರಬೇತಿಗೆ ಬಳಸತಕ್ಕದ್ದಲ್ಲ. ಶೀಘ್ರಲಿಪಿಯ ಪುಸ್ತಕಗಳನ್ನು ಬೀಗಮುದ್ರೆ ಮಾಡತಕ್ಕದ್ದು.’ ನಾನು ಈ ಪುಸ್ತಕಗಳ ವಿಷಯ ನಿಮಗಲ್ಲದೆ ಮೇಲಿನವರಿಗೆ ಯಾರಿಗೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅಪ್ಪಾ. ನನ್ನ ಜೊತೆ ಜಗಳವಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಬೆನ್ನ ಹಿಂದೆ ಸ್ನೇಹಿತರಿಗೆ ಬರೆದಿರಿ. ಆದೇಶ ಓದಿ ಮುಗಿಸಿ ಖಾಲಿ ತರಗತಿಯಲ್ಲಿ ಕೂತು ಅತ್ತುಬಿಟ್ಟೆ, ಇದನ್ನೂ ದಾಖಲಿಸಿಕೊಳ್ಳಿ.

ನೀವು ಬಾಗಿಲು ಮುಚ್ಚಿದ್ದು ಎರಡು ದಿನ ತಡವಾಯಿತು. ಹದಿನೇಳರಂದು ನಾನು ಆ ಅಕ್ಕನನ್ನು ಹುಡುಕಿಕೊಂಡು ಹೋಗಿದ್ದೆ.

ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ ಹೊಲಿಗೆ ಕೋಣೆ ಇದೆ. ಆಕೆ ಅಲ್ಲಿ ಹರಿದ ಹಾಸಿಗೆ ಬಟ್ಟೆಗಳಿಗೆ ಅಂಚು ಹೊಲಿಯುತ್ತಾರೆ. ಈಗ ಅರವತ್ತರ ಹತ್ತಿರ. ನಾನು ಯಾರೆಂದು ಹೇಳಿದೆ, ನಿಮ್ಮ ಮಗಳೆಂದೂ ಹೇಳಿದೆ. ಹೊಲಿಗೆಯಂತ್ರ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಬಟ್ಟೆ ಮುಗಿಸಿ, ದಾರ ಕತ್ತರಿಸಿ, ಆಮೇಲೆ ಮಾತಾಡಿದರು.

‘ಹೇಳ್ಬೇಕು ಅಂತಾನೇ ಹೋಗಿದ್ದೆ ಮೇಡಂ. ಅವನು ಆವತ್ತು ಮನೇಲೇ ಇದ್ದ, ಜ್ವರ ಬಂದು ಮಲಗಿದ್ದ. ಎದುರಿನ ಬೆಂಚಲ್ಲಿ ಸತ್ತವನ ತಾಯಿ ಕೂತಿದ್ರು. ಆ ಮುಖ ನೋಡಿದ್ದೇ ತಡ, ನಾಲಿಗೆ ಅಂಟಿಕೊಂಡುಬಿಡ್ತು. ಸುಧಾರಿಸ್ಕೊಂಡು ಹೇಳೋಣ ಅನ್ನೋಷ್ಟರಲ್ಲಿ ಕೆಳಗಿಳೀರಿ ಅಂದ್ರು.’

‘ಸಹಿ ಹಾಕಿದ್ರಲ್ಲ?’

‘ಗುಮಾಸ್ತರು ಗಡಗಡ ಓದಿದ್ರು. ನನಗೆ ಏನೂ ಕೇಳಿಸ್ಲಿಲ್ಲ. ಹಾಕಿ ಅಂದ್ರು, ಹಾಕಿದೆ. ಜಡ್ಜು ಬರೆಸಿದ್ದು ತಪ್ಪಿರುತ್ತಾ ಅಂದ್ಕೊಂಡೆ.’

ಪ್ರತಿ ತಿಂಗಳು ತಮ್ಮನನ್ನು ನೋಡಲು ಹೋಗುತ್ತಾರಂತೆ. ‘ಬಾಯಿ ಬಿಡದ ಅಕ್ಕನ ಮುಖ ನನಗೆ ಬೇಡ’ ಎಂದು ಅವನು ಒಳಗಿನಿಂದಲೇ ಹೇಳಿ ಕಳಿಸುತ್ತಾನಂತೆ. ಹತ್ತೊಂಬತ್ತು ವರ್ಷದಿಂದ ಆಕೆ ಗೇಟಿನವರೆಗೆ ಹೋಗಿ ವಾಪಸ್ ಬರುತ್ತಿದ್ದಾರೆ.

ನೀವು ಹೇಳುವುದು ನನಗೆ ಈಗಲೇ ಕೇಳಿಸುತ್ತದೆ. ಇಷ್ಟು ವರ್ಷದ ಮೇಲೆ ಅಕ್ಕನಾದವಳು ಏನು ಬೇಕಾದರೂ ಹೇಳುತ್ತಾಳೆ, ನಂಬುವುದು ಹೇಗೆ? ನಿಜ. ಅವನು ಬೆಂಕಿ ಹಚ್ಚಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿರಲಿಲ್ಲ ಅಪ್ಪಾ. ಗೊತ್ತುಮಾಡಿಕೊಳ್ಳಲು ಇದ್ದದ್ದು ಆಕೆಯ ಒಂದು ಉತ್ತರ, ಅದನ್ನು ನೀವೇ ಕೊಟ್ಟುಬಿಟ್ಟಿರಿ.

ಕೈದಿಗಳ ಪರವಾಗಿ ಕೆಲಸ ಮಾಡುವ ವಕೀಲೆಯೊಬ್ಬರು ಮರುಪರಿಶೀಲನೆಗೆ ಅರ್ಜಿ ಹಾಕಲು ಸಿದ್ಧರಿದ್ದಾರೆ. ಆದರೆ ಸ್ಟೆನೋ ಪುಸ್ತಕ ಅಧಿಕೃತ ದಾಖಲೆಯಲ್ಲ, ನ್ಯಾಯಾಧೀಶರು ಬರೆಸಿದ್ದರ ಎದುರು ಸ್ಟೆನೋ ಅಮ್ಮನ ಮಾತೊಂದೇ ನಿಲ್ಲುವುದಿಲ್ಲ. ಅದರಲ್ಲಿರುವುದೇ ನಡೆದದ್ದು ಎಂದು ಪ್ರಮಾಣ ಮಾಡಿ ಹೇಳಬಲ್ಲವರು ಒಬ್ಬರೇ. ಅವರು ಮಹಡಿ ಮೇಲಿನ ಮನೆಯಲ್ಲಿ ಕೂತು ನನ್ನ ಕಾಗದಗಳಿಗೆ ಸಿಟ್ಟು ಮಾಡಿಕೊಳ್ಳುತ್ತಿದ್ದಾರೆ.

ಮಗಳು


ಏಪ್ರಿಲ್ ೩೦

ಅಪ್ಪಾ,

ಆರು ವಾರದಲ್ಲಿ ಮೂರು ಕಾಗದ ಬರೆದೆ. ಉತ್ತರವಿಲ್ಲ. ಫೋನು ಮಾಡಿದರೆ ಅತ್ತೆ ಎತ್ತಿಕೊಂಡು, ‘ಇದ್ದಾನೆ, ಊಟ ಮಾಡ್ತಾನೆ, ಪೇಪರು ತಲೆಕೆಳಗಾಗಿ ಹಿಡ್ಕೊಂಡು ಕೂತಿರ್ತಾನೆ. ನೀನೇನು ಬರೆದೆಯೇ ಅಂಥದ್ದು?’ ಎಂದು ನನ್ನನ್ನೇ ಬೈಯುತ್ತಾರೆ.

ವಕೀಲೆ ಇವತ್ತು ಕೇಳಿದರು, ‘ನಿಮ್ಮ ತಂದೆಯವರು ಒಪ್ಪಲಿಲ್ಲ ಅಂತ ತಿಳ್ಕೊಳ್ಳಲಾ?’

ಇಲ್ಲ ಎಂದೆ. ಅವರು ಇನ್ನೂ ಏನೂ ಹೇಳಿಲ್ಲ, ಕಾಯುತ್ತಿದ್ದೇನೆ ಎಂದೆ.

ತಕರಾರು


ಮೇ ೧೧

ತಕರಾರಮ್ಮನಿಗೆ,

ನೀನು ಕೇಳಿದ್ದೆ, ಆ ದಿನ ನೆನಪಿದೆಯಾ ಎಂದು. ನಾನು ಆ ಪ್ರಶ್ನೆ ಬಿಟ್ಟು ಮಿಕ್ಕ ಎಲ್ಲದಕ್ಕೂ ಉತ್ತರ ಕೊಟ್ಟೆ. ಪಾಟೀಸವಾಲಿನಲ್ಲಿ ಸುಳ್ಳುಸಾಕ್ಷಿಗಳು ಮಾಡುವುದೂ ಅದನ್ನೇ. ಮೂವತ್ತೊಂದು ವರ್ಷ ಅಂಥವರನ್ನು ನೋಡಿ ನಕ್ಕವನು ನಾನು.

ನೆನಪಿದೆ. ಅದು ಮಂಗಳವಾರ. ಮಧ್ಯಾಹ್ನ ಹನ್ನೆರಡೂಮುಕ್ಕಾಲು. ಊಟದೊಳಗೆ ಇನ್ನೂ ಇಬ್ಬರನ್ನು ಮುಗಿಸಬೇಕೆಂದು ಬೆಳಿಗ್ಗೆಯೇ ನನಗೆ ನಾನೇ ಗೊತ್ತುಮಾಡಿಕೊಂಡಿದ್ದೆ. ಆ ವರ್ಷ ಅತಿ ಹೆಚ್ಚು ಕೇಸು ಮುಗಿಸಿದವನು ನಾನು. ಬಡ್ತಿಯ ಪಟ್ಟಿ ಹತ್ತಿರದಲ್ಲಿತ್ತು. ಇದನ್ನು ನಿನ್ನಮ್ಮನಿಗೂ ಹೇಳಿರಲಿಲ್ಲ.

ಸ್ಟೆನೋ ಅಮ್ಮ ಬರೆದದ್ದು ಸರಿ. ಒಂದಕ್ಷರ ಆಚೀಚೆ ಇಲ್ಲ. ಆದರೆ ಆಕೆ ತಲೆ ತಗ್ಗಿಸಿ ಬರೆಯುತ್ತಿದ್ದಳು. ನಾನು ತಲೆ ಎತ್ತಿ ಕೂತಿದ್ದೆ. ಆದ್ದರಿಂದ ಆಕೆಯ ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಅದು ನನಗೆ ಮಾತ್ರ ಗೊತ್ತು.

ನಾನು ‘ಬರ್ಕೊಳಮ್ಮ’ ಅಂದಾಗ ಆ ಹೆಂಗಸು ನನ್ನ ಕಡೆ ತಿರುಗಿದಳು. ಬಾಯಿ ತೆರೆದಳು. ಏನೋ ಹೇಳುವುದಕ್ಕೆ ತೆರೆದಳು, ಅದರಲ್ಲಿ ಅನುಮಾನವೇ ಇಲ್ಲ. ಕಟಕಟೆಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ನೋಡಿದೆ. ನೋಡಿಯೂ ‘ಮುಂದಿನ ಸಾಕ್ಷಿ’ ಎಂದೆ.

ಇನ್ನೊಂದು ನಿಮಿಷ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಏನೂ ಇಲ್ಲ. ಆದರೆ ಆಕೆ ‘ಇದ್ದ’ ಅಂದುಬಿಟ್ಟರೆ ಇಡೀ ಕೇಸು ಬಿಚ್ಚಿಕೊಳ್ಳುತ್ತದೆ, ಇನ್ನೂ ಐದಾರು ಸಾಕ್ಷಿ, ಇನ್ನೊಂದು ವಾರ. ಅಷ್ಟನ್ನೂ ಆ ಕ್ಷಣದಲ್ಲಿ ಲೆಕ್ಕ ಹಾಕಿದೆನೇ? ಹಾಕಿದೆ ಎಂದೇ ಕಾಣುತ್ತದೆ. ನ್ಯಾಯಾಧೀಶನ ತಲೆ ಅಂಥ ಲೆಕ್ಕಗಳನ್ನು ಬಹಳ ಬೇಗ ಮಾಡುತ್ತದೆ.

ಹಾಗಿದ್ದರೆ ನಾನೇ ಆ ಕಡತವನ್ನು ನಿನಗೆ ಯಾಕೆ ತೋರಿಸಿದೆ? ಈ ಏಳು ವಾರ ಅದನ್ನೇ ಯೋಚಿಸಿದೆ. ಆ ತೀರ್ಪನ್ನು ಯಾರು ಹೊಗಳಿದರೂ ನನಗೆ ಸ್ವಲ್ಪ ಹಾಯೆನಿಸುತ್ತಿತ್ತು. ಇಷ್ಟು ಜನ ಚೆನ್ನಾಗಿದೆ ಅಂದಮೇಲೆ ಚೆನ್ನಾಗಿಯೇ ಇರಬೇಕು ಎಂದುಕೊಳ್ಳುತ್ತಿದ್ದೆ. ನೀನೂ ಒಂದು ಸಲ ಹೊಗಳಿಬಿಟ್ಟರೆ ಮುಗಿಯಿತು ಅಂತಿತ್ತೇನೋ.

ಅಧ್ಯಕ್ಷನಿಗೆ ಬರೆದದ್ದು ನಾನೇ. ತಪ್ಪಾಯಿತು. ನಿನ್ನನ್ನು ಅಳಿಸಿದೆ ಎಂದು ಓದಿದ ದಿನ ನಿನ್ನ ಅತ್ತೆ ಬಡಿಸಿದ ಊಟವನ್ನು ಹಾಗೇ ಬಿಟ್ಟು ಎದ್ದೆ. ಅವನಿಗೆ ಇನ್ನೊಂದು ಕಾಗದ ಬರೆದು, ಮೊದಲನೆಯದನ್ನು ಹಿಂತೆಗೆದುಕೊಂಡಿದ್ದೇನೆ.

ವಕೀಲೆಗೆ ತಿಳಿಸು. ನಾನು ಬಂದು ಪ್ರಮಾಣ ಮಾಡಿ ಹೇಳುತ್ತೇನೆ. ಸಾವಿರಾರು ಜನರ ಕೈಲಿ ಪ್ರಮಾಣ ಮಾಡಿಸಿದ್ದೇನೆ. ನಾನು ಮಾಡುವುದು ಇದೇ ಮೊದಲು.

ಅಪ್ಪ


ಮೇ ೧೬

ಅಪ್ಪಾ,

ನಿಮ್ಮ ಕಾಗದ ತರಗತಿಯ ನಡುವೆ ಬಂತು. ವರಾಂಡದಲ್ಲಿ ನಿಂತು ಓದಿದೆ. ಓದಿ ಮುಗಿದ ಮೇಲೂ ಬಹಳ ಹೊತ್ತು ಒಳಗೆ ಹೋಗಲಾಗಲಿಲ್ಲ.

ಹೋಗುವ ಮೊದಲು ಒಂದು ಸಲ ಯೋಚನೆ ಮಾಡಿ. ಇದನ್ನು ಮಗಳಾಗಿ ಹೇಳುತ್ತಿದ್ದೇನೆ. ನೀವು ಹೀಗೆ ಹೇಳಿದ ಮಾರನೇ ದಿನದಿಂದ ನಿಮ್ಮ ಮೂವತ್ತೊಂದು ವರ್ಷದ ಪ್ರತಿ ‘ಒಂದು ಪುಟ’ವನ್ನೂ ಜನ ಬಿಚ್ಚುತ್ತಾರೆ. ಬೆಳಗಿನ ವಾಕಿಂಗಿನಲ್ಲಿ ಜೊತೆಗೆ ಬರುವವರು ದಾರಿ ಬದಲಿಸುತ್ತಾರೆ. ಪತ್ರಿಕೆಯವರು ಅತ್ತೆಯನ್ನೂ ಬಿಡುವುದಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಅಪ್ಪಾ. ನಾನೇ ಹಟ ಹಿಡಿದು ಕೇಳಿದೆ, ಈಗ ನೀವು ಹೂಂ ಅಂದಮೇಲೆ ನಾನೇ ತಡೆಯುತ್ತಿದ್ದೇನೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಿಮ್ಮ ಕಡತ ಬಳಸುವ ಹಾಗಿರಲಿಲ್ಲವಲ್ಲ. ಮೊದಲ ದಿನ ಏನು ಮಾಡಲೂ ತೋಚದೆ ನನ್ನದೇ ಕಡತವೊಂದನ್ನು ತಂದು ನಲವತ್ತು ಜನರ ಮುಂದಿಟ್ಟೆ. ನಾನು ಯಾವ ಸಾಕ್ಷಿಯ ಬಾಯಲ್ಲಿ ಯಾವ ಮಾತು ಇಟ್ಟೆ ಎಂದು ಸಾಲು ಸಾಲಾಗಿ ತೋರಿಸಿದೆ. ಸ್ಲೇಟು ಬಳಪದವರು ಎದ್ದು ಹೊರಗೆ ಹೋದರು, ಮುಗಿಯಿತು ನಮ್ಮ ಕೇಂದ್ರದ ಕಥೆ ಎಂದುಕೊಂಡೆ. ಮಾರನೇ ದಿನ ಅವರು ಬಗಲಲ್ಲಿ ಹಳೆಯ ಕಡತವೊಂದನ್ನು ಇಟ್ಟುಕೊಂಡು ಬಂದರು. ‘ಇದರಲ್ಲಿ ನನಗೂ ಸ್ವಲ್ಪ ಅನುಮಾನ ಇದೆ’ ಎಂದರು. ಐದನೇ ದಿನಕ್ಕೆ ಅಂಥ ಕಡತಗಳು ಹನ್ನೊಂದು. ಅಧ್ಯಕ್ಷರು ಇವತ್ತು ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಮುಚ್ಚುತ್ತೇವೆ ಎಂದೂ ಹೇಳಲಿಲ್ಲ, ಇಡುತ್ತೇವೆ ಎಂದೂ ಹೇಳಲಿಲ್ಲ.

ವಿಚಾರಣೆಯ ದಿನ ನಾನು ಬರಲಾ?

ತಕರಾರು


ಮೇ ೨೦

ಮಗಳೇ,

ಬರಬೇಡ. ನೀನಿದ್ದರೆ ನಿನ್ನ ಮುಖ ನೋಡಿಕೊಂಡು ಉತ್ತರ ಹೇಳುತ್ತೇನೆ. ಅತ್ತೆ ಬರುತ್ತಾಳೆ, ಬೇಡ ಅಂದರೆ ಕೇಳುವವಳಲ್ಲ.

ಅಪ್ಪ


ಜುಲೈ ೪

ತಕರಾರಮ್ಮನಿಗೆ,

ವಕೀಲೆ ನಿನಗೆ ಫಲಿತಾಂಶ ಹೇಳಿರುತ್ತಾಳೆ. ಕೇಸು ಹೊಸದಾಗಿ ವಿಚಾರಣೆಯಾಗಬೇಕು, ಅಲ್ಲಿಯವರೆಗೆ ಅವನನ್ನು ಬಿಡುಗಡೆ ಮಾಡಬೇಕು ಎಂದು ಆದೇಶವಾಗಿದೆ. ಆದರೆ ಆದೇಶದಲ್ಲಿ ಬರೆಯದೇ ಇರುವುದನ್ನು ನಿನಗೆ ನಾನೇ ಹೇಳಬೇಕು. ನಿನ್ನ ಪಾಠಕ್ಕೆ ಬೇಕಾಗುತ್ತದೆ.

ಕಟಕಟೆ ಅಷ್ಟು ಎತ್ತರದಲ್ಲಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೇಲಿನಿಂದ ನೋಡುವಾಗ ಅದು ತಗ್ಗಿನಲ್ಲಿ ಕಾಣುತ್ತದೆ. ಎರಡು ಮೆಟ್ಟಿಲು ಹತ್ತಲು ಸರಳು ಹಿಡಿದುಕೊಳ್ಳಬೇಕಾಯಿತು. ಪೀಠದಲ್ಲಿದ್ದವನು ನನಗಿಂತ ಮೂವತ್ತು ವರ್ಷ ಚಿಕ್ಕವನು, ನನ್ನ ತೀರ್ಪು ಓದಿಯೇ ಪಾಸಾದವನು. ಎದ್ದು ನಿಲ್ಲಲು ಹೋಗಿ, ತಡೆದುಕೊಂಡು ಕೂತ. ಕುರ್ಚಿ ತರಿಸಿದ. ನಾನು ಕೂರಲಿಲ್ಲ.

ವಕೀಲೆ ಕೇಳಿದಳು, ನಾನು ಹೇಳಿದೆ. ಆಕೆ ಸುಮ್ಮನಿದ್ದದ್ದು, ನಾನು ಬರೆಸಿದ್ದು, ಆಕೆ ಬಾಯಿ ತೆರೆದದ್ದು, ನಾನು ನೋಡಿದ್ದು. ಎಲ್ಲ ಹೇಳಿದೆ. ಹಿಂದಿನ ಬೆಂಚಿನಲ್ಲಿ ಆ ಅಕ್ಕ ಕೂತಿದ್ದಳು. ಆ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಆ ಹುಡುಗ, ಅಂದರೆ ನ್ಯಾಯಾಧೀಶ, ನನ್ನ ಕಡೆ ನೋಡಿದ. ಆಮೇಲೆ ಸ್ಟೆನೋ ಕಡೆ ತಿರುಗಿ ಮೆಲ್ಲಗೆ ಬರೆಸಿದ: ‘ವಯಸ್ಸಿನ ಕಾರಣ ನನಗೆ ಆ ದಿನದ ಘಟನೆ ಸ್ಪಷ್ಟವಾಗಿ ನೆನಪಿಲ್ಲ. ಸಾಕ್ಷಿಯು ಉತ್ತರಿಸಲು ತಡವರಿಸಿರಬಹುದು.’

ನನ್ನನ್ನು ಉಳಿಸುವುದಕ್ಕೆ ಮಾಡಿದ. ದ್ವೇಷವಿಲ್ಲ, ಮೋಸವಿಲ್ಲ, ಪೂರ್ತಿ ಗೌರವದಿಂದ ಮಾಡಿದ. ಗುಮಾಸ್ತ ಗಡಗಡ ಓದಿ ಕಾಗದವನ್ನು ನನ್ನ ಮುಂದೆ ಹಿಡಿದು ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟ.

ಮಗಳೇ, ನಾನು ಪೆನ್ನು ತೆಗೆದುಕೊಂಡೆ. ಇದನ್ನು ನಿನಗೆ ಹೇಳಲೇಬೇಕು. ಇಡೀ ಕೋರ್ಟು ಕಾಯುತ್ತಿದೆ, ಮೇಲೆ ಕೂತವನು ಬರೆಸಿಯಾಗಿದೆ, ಎಲ್ಲರಿಗೂ ಮುಂದಿನ ಕೆಲಸವಿದೆ. ಇಳಿದು ಮನೆಗೆ ಹೋದರೆ ಸಾಕು ಅನ್ನಿಸಿತು. ಕಾನೂನು ಅರೆದು ಕುಡಿದವನಿಗೇ ಹಾಗನ್ನಿಸಿತು. ಆ ಹೊಲಿಗೆಯ ಹೆಂಗಸು ಸಹಿ ಹಾಕಿದ್ದಾಳೆ ಎಂದು ವಾದಿಸಿದ್ದೆನಲ್ಲ ನಾನು, ಮೂರ್ಖ!

ಪೆನ್ನು ಕೆಳಗಿಟ್ಟೆ. ‘ಸ್ವಾಮಿ, ನಾನು ಹೀಗೆ ಹೇಳಲಿಲ್ಲ’ ಎಂದೆ.

ಅವನು ಮುಂದಕ್ಕೆ ಬಾಗಿ, ‘ಸರ್, ನಿಮ್ಮ ಒಳ್ಳೇದಕ್ಕೇ...’ ಎಂದ.

‘ನನ್ನ ಒಳ್ಳೇದು ಯಾರೂ ಕೇಳಲಿಲ್ಲ ಇಲ್ಲಿ. ನಾನು ಹೇಳಿದ್ದು ಬರೆಸಿ. ನನಗೆ ಚೆನ್ನಾಗಿ ನೆನಪಿದೆ. ಆಕೆ ಮಾತಾಡೋಕೆ ಬಾಯಿ ತೆಗೆದ್ರು, ನಾನು ಬಿಡ್ಲಿಲ್ಲ. ಅಷ್ಟೇ ಬರೆಸಿ.’

ಅವನ ಮುಖ ಕೆಂಪಾಯಿತು. ಹೊಡೆದುಹಾಕಿಸಿ ಮೊದಲಿನಿಂದ ಬರೆಸಿದ. ಒಂದೊಂದು ಸಾಲಿಗೂ ‘ಸರಿಯಾ ಸರ್?’ ಎಂದು ಕೇಳಿದ. ನಾಲ್ಕು ಪುಟವಾಯಿತು. ಮುಂದಿನ ತಂಡಕ್ಕೆ ಅವನನ್ನು ಕರೆಸು, ಬೈಯಲು ಅಲ್ಲ. ನಾನೂ ಬರುತ್ತೇನೆ, ನಾವಿಬ್ಬರೂ ಒಟ್ಟಿಗೆ ನಿಂತು ಹೇಳುತ್ತೇವೆ.

ಆದೇಶದ ದಿನ ಆಕೆ ಕಾರಿಡಾರಿನಲ್ಲಿ ನಿಂತಿದ್ದಳು. ನಾನೇ ಹತ್ತಿರ ಹೋದೆ. ಅತ್ತೆ ತೋಳು ಹಿಡಿದು ಎಳೆದಳು, ಬಿಡಿಸಿಕೊಂಡು ಹೋದೆ. ಏನೇನೋ ಯೋಚಿಸಿಟ್ಟುಕೊಂಡಿದ್ದೆ, ಬಾಯಿಗೆ ಬಂದದ್ದು ಒಂದೇ ಮಾತು. ‘ನನ್ನನ್ನ ಕ್ಷಮಿಸ್ತೀರಾ ಅಮ್ಮ?’ ಎಂದು ಕೇಳಿದೆ.

ಆಕೆ ಏನೂ ಹೇಳಲಿಲ್ಲ. ಜನ ಓಡಾಡುತ್ತಿದ್ದರು, ಜವಾನ ಯಾರದೋ ಹೆಸರು ಕೂಗುತ್ತಿದ್ದ, ಕೆಳಗೆ ಗಾಡಿ ಬಂದಿದೆ ಎಂದು ಅತ್ತೆ ಎರಡು ಸಲ ಹೇಳಿದಳು. ನಾನು ಕದಲಲಿಲ್ಲ. ಕೈಕಟ್ಟಿಕೊಂಡು ನಿಂತೆ. ಆಕೆಯ ತುಟಿ ಅದುರಿತು, ಮತ್ತೆ ನಿಂತಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಕಾದೆ.

ಕೊನೆಗೆ ಆಕೆ ನನ್ನ ಮುಖವನ್ನೇ ನೋಡಿ, ‘ಇಲ್ಲ’ ಎಂದಳು.

ಸರಿ ಅಮ್ಮ ಎಂದೆ. ಆಕೆ ಜೈಲಿನ ಕಡೆಗೆ ಹೊರಟಳು, ನಾನು ಮೆಟ್ಟಿಲಿಳಿದು ಮನೆಗೆ ಬಂದೆ.

ಅಪ್ಪ